ಎರಡನೆಯ ಚೀಟಿ

ಮೇ ತಿಂಗಳ ಮೂರನೆಯ ವಾರ. ಮುಂಬಯಿ ಪಕ್ಕದ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಹಾಪೂಸ್ ಮಾವಿನ ಭರಾಟೆ ಇಳಿದು, ಗುಜರಾತಿನ ಕೇಸರ್ ಬರತೊಡಗಿತ್ತು. ಹಣ್ಣು ಮಾಗಿಸುವ ಕೋಣೆಗಳಿಗೆ ವರ್ಷದಲ್ಲೇ ಹೆಚ್ಚು ದುಡಿತದ ದಿನಗಳು ಅವು. ಆ ಕೋಣೆಗಳ ತಂಪು, ತೇವ, ಗಾಳಿ ಮೂರನ್ನೂ ಹದದಲ್ಲಿಡುವ ಕಂಟ್ರೋಲ್ ಪೆಟ್ಟಿಗೆಗಳನ್ನು ಮಾಡುತ್ತಿದ್ದುದು ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯ ಚಿಕ್ಕ ಕಂಪನಿ. ಬೆಳಗಿನ ಹತ್ತು ಗಂಟೆಗೇ ಮೇಲಿನ ಟೆರೇಸು ಕಾದು, ಫ್ಯಾನುಗಳು ಬಿಸಿಗಾಳಿಯನ್ನೇ ಅತ್ತಿತ್ತ ಹಂಚುತ್ತಿದ್ದವು.

ಪುಂಡರೀಕಾಕ್ಷ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಬೆಂಚಿನ ಮೇಲೆ ಸಾಲಾಗಿಟ್ಟ ಪೆಟ್ಟಿಗೆಗಳ ತಿರುಪುಗಳನ್ನು ಒಂದೊಂದಾಗಿ ಬಿಗಿಮಾಡುತ್ತಿದ್ದ. ಅದು ಅವನ ಕೆಲಸವಲ್ಲ. ಆದರೆ ಬೆಳಗಿನ ಮೊದಲ ಅರ್ಧ ಗಂಟೆ ಕೈಗೆ ಏನಾದರೂ ಗಟ್ಟಿಯಾದದ್ದು ಸಿಕ್ಕದಿದ್ದರೆ ಅವನಿಗೆ ಕಂಪ್ಯೂಟರಿನ ಮುಂದೆ ಕೂರಲು ಮನಸ್ಸು ಬಾರದು. ಬ್ರಹ್ಮಾವರದ ಕಡೆಯವನು. ಮೂವತ್ತನಾಲ್ಕು ವರ್ಷ ಇದೇ ಕಂಪನಿಯಲ್ಲಿ ಪೆಟ್ಟಿಗೆಗಳ ಪ್ರೋಗ್ರಾಮು ಬರೆದು, ಕೊನೆಯ ಹನ್ನೊಂದು ವರ್ಷ ವಿಭಾಗದ ಮುಖ್ಯಸ್ಥನಾಗಿ, ಕಳೆದ ವರ್ಷ ನಿವೃತ್ತನಾಗಿದ್ದ. ಹೊಸ ಎಲೆಕ್ಟ್ರಾನಿಕ್ ಚಿಪ್ಪಿನ ಪೆಟ್ಟಿಗೆ ಬರುತ್ತದೆ, ಹಳೆಯ ಪ್ರೋಗ್ರಾಮನ್ನು ಅದಕ್ಕೆ ಒಗ್ಗಿಸಬೇಕು ಎಂದು ನಾಲ್ಕು ತಿಂಗಳ ಮಟ್ಟಿಗೆ ಮತ್ತೆ ಕರೆಸಿಕೊಂಡಿದ್ದರು.

ಎದುರಿನ ಮೇಜು ರಮಿತಾಳದು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅಪ್ಪ ಕಾಪುವಿನಿಂದ ಬಂದು ಹೋಟೆಲಿನಲ್ಲಿ ದುಡಿದವರು. ಇವಳು ಹುಟ್ಟಿ ಬೆಳೆದದ್ದೆಲ್ಲ ಠಾಣೆಯಲ್ಲಿ. ಮನೆಯಲ್ಲಿ ತುಳು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧ ಹಿಂದಿಯಲ್ಲಿ ಬರುತ್ತಿತ್ತು.

ಹೊಸ ಚಿಪ್ಪಿನ ಬೋರ್ಡುಗಳು ಬಂದದ್ದು ಎರಡೇ ಎರಡು. ಅವುಗಳಲ್ಲಿ ಒಂದು ಮೊದಲ ವಾರವೇ ಸುಟ್ಟಿತ್ತು. ಹಾಗಾಗಿ ಪರೀಕ್ಷೆಯೆಲ್ಲ ಎಮ್ಯುಲೇಟರಿನ ಮೇಲೆ. ಚಿಪ್ಪೇ ಇಲ್ಲದೆ ಚಿಪ್ಪಿನ ವೇಷ ಕಟ್ಟುವ ಪ್ರೋಗ್ರಾಮು ಅದು. ಕಿರೀಟ ಕಟ್ಟಿದ ಮೇಲೆ ಮೇಳದ ವೇಷಧಾರಿ ಹೇಗೆ ರಾಜನ ನಡೆಯನ್ನೇ ನಡೆಯುತ್ತಾನೋ ಹಾಗೆ, ಕಂಪ್ಯೂಟರಿನೊಳಗೆ ಕೂತು ತಾನೇ ಆ ಚಿಪ್ಪು ಎಂಬಂತೆ ಒಂದೊಂದು ಆಜ್ಞೆಯನ್ನೂ ಪಾಲಿಸುತ್ತದೆ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. ಹತ್ತಾರು ದೇಶಗಳ ಜನ ಸೇರಿ ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ, ಬಳಸಲಿ ಎಂದು ಬಯಲಿನಲ್ಲಿಟ್ಟದ್ದು.

ಈ ಚಿಪ್ಪಿನ ಹೆಚ್ಚುಗಾರಿಕೆ ಅದರೊಳಗಿನ ಒಂದು ಕಾವಲು. ಪ್ರೊಸೆಸರು ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಹೋಗುವಾಗ, ಮರಳಿ ಎಲ್ಲಿಗೆ ಬರಬೇಕೆಂದು ಒಂದು ಚೀಟಿ ಬರೆದಿಟ್ಟುಕೊಳ್ಳುತ್ತದೆ. ಅದರ ನಡುವೆ ಮೂರನೆಯ ಕೆಲಸ ಬಂದರೆ ಆ ಚೀಟಿಯ ಮೇಲೆ ಇನ್ನೊಂದು ಚೀಟಿ. ಪುಂಡರೀಕಾಕ್ಷ ಚಿಕ್ಕಂದಿನಲ್ಲಿ ದೊಡ್ಡಪ್ಪನ ಹೋಟೆಲಿನ ಗಲ್ಲಾದ ಮೇಜಿನಲ್ಲಿ ನೋಡಿದ್ದ, ಚೀಟಿ ಚುಚ್ಚುವ ಕಬ್ಬಿಣದ ಕಂಬಿಯ ಹಾಗೆ: ಕೊನೆಗೆ ಚುಚ್ಚಿದ್ದು ಮೊದಲು ಕೈಗೆ ಬರುತ್ತದೆ. ಕಳ್ಳ ಪ್ರೋಗ್ರಾಮುಗಳು ಒಳಗೆ ನುಗ್ಗುವುದೇ ಈ ಚೀಟಿಯನ್ನು ತಿದ್ದಿ. ಹಿಂದೆಲ್ಲ ಪೆಟ್ಟಿಗೆ ಗೋಡೆಗೆ ಅಂಟಿಕೊಂಡು ತನ್ನ ಪಾಡಿಗೆ ಇರುತ್ತಿತ್ತು, ಚಿಂತೆಯಿರಲಿಲ್ಲ. ಈಗ ವ್ಯಾಪಾರಿಗಳು ಮನೆಯಲ್ಲೇ ಕೂತು ಫೋನಿನಲ್ಲಿ ಕೋಣೆಯ ತಂಪು ನೋಡುತ್ತಾರೆ. ಆ ದಾರಿಯಿಂದ ಬೇಡದವರೂ ಬರಬಹುದು. ಹೊಸ ಚಿಪ್ಪು ಪ್ರತಿ ಚೀಟಿಯ ಇನ್ನೊಂದು ಪ್ರತಿಯನ್ನು, ಯಾರ ಕೈಗೂ ಎಟುಕದ ಗಾಜಿನ ಕಪಾಟಿನೊಳಗೆ ಇನ್ನೊಂದು ಕಂಬಿಗೆ ಚುಚ್ಚಿಡುತ್ತದೆ. ಮರಳುವಾಗ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುತ್ತದೆ. ಹೋಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು.

ಈ ಕಾವಲು ಎಮ್ಯುಲೇಟರಿನಲ್ಲಿ ಇದೆ ಎಂದೇ ಎಲ್ಲರೂ ಎರಡು ತಿಂಗಳು ನಂಬಿದ್ದರು. ಶುರುಮಾಡುವಾಗ ಕಾವಲಿನ ಹೆಸರು ಹೇಳಿದರೆ ಅದು ಬೇಡ ಎನ್ನುತ್ತಿರಲಿಲ್ಲ, ಪರೀಕ್ಷೆಗಳೆಲ್ಲ ಹಸಿರಾಗಿ ಬರುತ್ತಿದ್ದವು. ರಮಿತಾಳಿಗೇ ಒಂದು ದಿನ ಅನುಮಾನ ಬಂದದ್ದು. ಯಾವ ಪರೀಕ್ಷೆಯೂ ಒಮ್ಮೆಯೂ ಸೋಲದಿರುವುದು ಹೇಗೆ ಎಂದು ಅವಳು ಬೇಕೆಂದೇ ಚೀಟಿಯೊಂದನ್ನು ತಿದ್ದಿ ಬಿಟ್ಟಳು. ಅದೂ ಹಸಿರು ಬಂತು. ಹುಡುಕಿದಾಗ ತಿಳಿದದ್ದು: ‘ನೀವು ಕೇಳಿದ ಕಾವಲು ನನ್ನಲ್ಲಿಲ್ಲ, ಅದಿಲ್ಲದೆ ಮುಂದುವರಿಯುತ್ತೇನೆ’ ಎಂದು ಎಮ್ಯುಲೇಟರು ಪ್ರತಿಸಲವೂ ಒಂದು ಹಳದಿ ಸಾಲಿನಲ್ಲಿ ಪ್ರಾಮಾಣಿಕವಾಗಿ ಹೇಳುತ್ತಿತ್ತು. ಗಿರಾಕಿಗಳು ನೋಡಲು ಬಂದಾಗ ಪರದೆಯ ಮೇಲೆ ಹಳದಿ ಸಾಲುಗಳು ಚಂದ ಕಾಣುವುದಿಲ್ಲವೆಂದು ಮ್ಯಾನೇಜರ್ ಜಯೇಶ್ ಅವನ್ನೆಲ್ಲ ಕಾಣದಂತೆ ಮಾಡಿಸಿಟ್ಟಿದ್ದ.

ಇನ್ನೊಬ್ಬರಾಗಿದ್ದರೆ ಜಯೇಶನ ಮೇಲೆ ಒಂದು ವಾರ ಕೂಗಾಡುತ್ತಿದ್ದರು. ರಮಿತಾ, “ಚಲೋ, ಇಲ್ಲ ಅಂತ ಗೊತ್ತಾಯ್ತಲ್ಲ ಸರ್, ಇನ್ನು ಮಾಡೋಣ,” ಎಂದಳು, ಅಷ್ಟೆ. ಚಿಪ್ಪಿನ ಸಾವಿರದಿನ್ನೂರು ಪುಟದ ಕೈಪಿಡಿಯಲ್ಲಿ ಕಾವಲಿನ ಅರವತ್ತು ಪುಟಗಳನ್ನು ಅಚ್ಚು ಹಾಕಿಸಿ, ಎಮ್ಯುಲೇಟರಿಗೆ ಆ ಕಾವಲನ್ನು ತಾನೇ ಬರೆದುಕೂಡಿಸಲು ಕೂತಳು. ಐದು ವಾರ ಹಿಡಿಯಿತು. ಒಂದು ಪುಟ ಓದುವುದು, ನೋಟುಬುಕ್ಕಿನಲ್ಲಿ ತನ್ನ ಮಾತಿನಲ್ಲಿ ಬರೆಯುವುದು, ಆಮೇಲೆ ಹತ್ತು ಸಾಲು ಪ್ರೋಗ್ರಾಮು, ಅದನ್ನು ಉಳಿದಿದ್ದ ಒಂದೇ ಬೋರ್ಡಿನ ನಡತೆಯೊಂದಿಗೆ ತಾಳೆನೋಡುವುದು. ಗದ್ದೆಯ ಅಂಚಿಗೆ ಮಣ್ಣು ಕೊಡುವವರು ಒಂದು ಹಿಡಿ ಮಣ್ಣು ಮೆತ್ತಿ, ತಟ್ಟಿ, ನೀರು ಜಿನುಗುವುದಿಲ್ಲವೆಂದು ನೋಡಿಯೇ ಮುಂದಿನ ಹಿಡಿಗೆ ಕೈಹಾಕುತ್ತಾರಲ್ಲ, ಆ ನಿಧಾನ. ಇಂಥ ಕೆಲಸವನ್ನು ಪುಂಡರೀಕಾಕ್ಷ ಬಹಳ ವರ್ಷಗಳಿಂದ ಕಂಡಿರಲಿಲ್ಲ. ಕಂಡದ್ದು ಒಬ್ಬನಲ್ಲಿ ಮಾತ್ರ.

“ಸರ್, ಫಿರ್ ಸೆ ನಿಂತಿತು,” ಎಂದಳು ರಮಿತಾ ಆ ಮಂಗಳವಾರ. “ಅದೇ ಜಾಗದಲ್ಲಿ.”

ಪುಂಡರೀಕಾಕ್ಷ ತಿರುಪುಳಿ ಕೆಳಗಿಟ್ಟು ಅವಳ ಬೆನ್ನ ಹಿಂದೆ ಹೋಗಿ ನಿಂತ. ಹೊಸ ಕಾವಲು ಹಾಕಿದ ಎಮ್ಯುಲೇಟರಿನಲ್ಲಿ ಅವರ ಹಳೆಯ ಪ್ರೋಗ್ರಾಮು ಎಲ್ಲ ಪರೀಕ್ಷೆಗಳನ್ನೂ ದಾಟಿ, ಕಂಪ್ರೆಸರಿನ ಒತ್ತಡ ಮಿತಿ ಮೀರಿದಾಗ ಏನಾಗಬೇಕು ಎಂಬಲ್ಲಿ ಬಂದು ಧೊಪ್ಪನೆ ನಿಂತಿತ್ತು. ಎರಡು ಚೀಟಿ ಹೋಲುತ್ತಿಲ್ಲ.

“ನಾನೇ ಎಲ್ಲೋ ಗಲತಿ ಮಾಡಿದ್ದೇನೆ,” ಎಂದಳು ರಮಿತಾ. “ನಿಮ್ಮ ಪ್ರೋಗ್ರಾಮು ಹದಿನಾಲ್ಕು ವರ್ಷ ಓಡಿದೆ. ನಂದು ಐದು ವಾರದ್ದು.”

ಅವಳು ನೋಟುಬುಕ್ಕಿನ ಮೊದಲ ಪುಟ ತೆರೆದು ಮತ್ತೆ ಆರಂಭದಿಂದ ಓದತೊಡಗಿದಳು. ಪುಂಡರೀಕಾಕ್ಷ ಬೆಂಚಿಗೆ ಮರಳಿ ತಿರುಪುಳಿ ಎತ್ತಿಕೊಂಡ. ಆ ಜಾಗ ಅವನಿಗೆ ತನ್ನ ಅಂಗೈಯಷ್ಟೇ ಪರಿಚಿತ. ಅವಳದ್ದೇನೂ ತಪ್ಪಿರಲಿಲ್ಲ. ಅಲ್ಲಿ ಚೀಟಿಯನ್ನು ತಿದ್ದುತ್ತಿದ್ದುದು ಅವರದೇ ಪ್ರೋಗ್ರಾಮು. ತಿದ್ದುವ ಆ ಉಪಾಯ ಹಿಂದೆ ಜೊತೆಗೆ ದುಡಿಯುತ್ತಿದ್ದ ಜಟ್ಟೆಪ್ಪನದು. ಮತ್ತು ಆ ಮಾತು ಇಡೀ ಕಂಪನಿಯಲ್ಲಿ ಈಗ ಗೊತ್ತಿದ್ದುದು ಪುಂಡರೀಕಾಕ್ಷನೊಬ್ಬನಿಗೆ.

ಹದಿನಾಲ್ಕು ವರ್ಷದ ಕೆಳಗೆ, ಇದೇ ಮಾವಿನ ಕಾಲದಲ್ಲಿ, ವಾಶಿಯ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳು ಕೈಕೊಡುತ್ತಿದ್ದವು. ಒತ್ತಡ ಏರಿದಾಗ ಕಂಪ್ರೆಸರನ್ನು ಕೂಡಲೇ ನಿಲ್ಲಿಸಬೇಕು. ಆದರೆ ಆ ಹೊತ್ತಿಗೆ ಪ್ರೋಗ್ರಾಮು ಐದಾರು ಕೆಲಸಗಳ ಆಳದಲ್ಲಿರುತ್ತಿತ್ತು. ಒಂದೊಂದನ್ನೂ ಮುಗಿಸಿಕೊಂಡು ಮೇಲೆ ಬರುವಷ್ಟರಲ್ಲಿ ಕಂಪ್ರೆಸರು ಸುಟ್ಟಿರುತ್ತಿತ್ತು. ಆ ಕಾಲದ ಚಿಪ್ಪಿಗೆ ಇದ್ದ ನೆನಪಿನ ಜಾಗ ಬೆಂಕಿಪೊಟ್ಟಣದಷ್ಟು. ಹೊಸದಾಗಿ ಏನನ್ನೂ ಸೇರಿಸುವಂತಿರಲಿಲ್ಲ. ಪುಂಡರೀಕಾಕ್ಷ ಮೂರು ದಿನ ತಲೆ ಕೆಡಿಸಿಕೊಂಡ. ಜೊತೆಗೆ ಬಂದಿದ್ದ ಜಟ್ಟೆಪ್ಪ ವೈರಿಂಗಿನವನು. ವಿಜಯಪುರದ ಇಂಡಿ ಕಡೆಯಿಂದ ಐ.ಟಿ.ಐ. ಮುಗಿಸಿ ಬಂದವನು. ಚಿಪ್ಪಿನ ಕೈಪಿಡಿಯನ್ನು ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ತಾನೇ ಓದಿಕೊಂಡಿದ್ದ. ಮಾವಿನ ಖಾಲಿ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಕಂಬಿಯನ್ನೂ ಚೀಟಿಗಳನ್ನೂ ಬರೆದು, “ಇಷ್ಟೂ ಯಾಕ ಇಳಸಬೇಕ್ರಿ? ಮ್ಯಾಲಿನ ಚೀಟಿ ಒಂದ ತಿದ್ರಿ. ಸೀದಾ ಬಾಗಲಕ್ಕ ಬಾ ಅಂತ ಬರೀರಿ. ಉಳಿದದ್ದು ಬಿಟ್ಟ ಹಾಕ್ರಿ,” ಎಂದಿದ್ದ. ಬಾಗಿಲೆಂದರೆ ಪ್ರೋಗ್ರಾಮು ಕೆಲಸಗಳ ಆಳಕ್ಕಿಳಿಯಲು ಶುರುಮಾಡುವ ಜಾಗ, ಕಂಪ್ರೆಸರನ್ನು ನಿಲ್ಲಿಸುವುದೂ ಅಲ್ಲಿಂದಲೇ. ನಾಲ್ಕೇ ಸಾಲು. ಪುಂಡರೀಕಾಕ್ಷ ಅಲ್ಲೇ ಕೂತು ಟೈಪು ಮಾಡಿದ. ಕಂಪ್ರೆಸರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಿಂತಿತು.

ಮರುದಿನ ಮೀಟಿಂಗಿನಲ್ಲಿ ಕಂಪನಿಯ ಯಜಮಾನರು, ಎಲ್ಲರೂ ಸೇಠ್ ಎನ್ನುತ್ತಿದ್ದವರು, ಪುಂಡರೀಕಾಕ್ಷನ ಹೆಗಲು ತಟ್ಟಿದರು. “ಎಂಥ ತಲೆ ಇವರದು,” ಎಂದರು. ಬಾಗಿಲ ಬಳಿ ಜಟ್ಟೆಪ್ಪ ಕೈಕಟ್ಟಿ ನಿಂತಿದ್ದ. ಪುಂಡರೀಕಾಕ್ಷ ‘ಅದು ನನ್ನದಲ್ಲ’ ಎಂದು ಹೇಳಲು ಬಾಯಿ ತೆರೆದ ಹಾಗೆಯೇ ಅವನ ನೆನಪು. ಹೇಳಲಿಲ್ಲವೆಂಬುದು ಸತ್ಯ. ಎರಡು ವರ್ಷದಲ್ಲಿ ಅವನು ಮುಖ್ಯಸ್ಥನಾದ. ಅದೇ ವರ್ಷ ಜಟ್ಟೆಪ್ಪ ಕೆಲಸ ಬಿಟ್ಟು ಕಲ್ಯಾಣದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟ. ಜಗಳವಾಗಿರಲಿಲ್ಲ. ಜಟ್ಟೆಪ್ಪ ಯಾವತ್ತೂ ಕೇಳಿರಲಿಲ್ಲ.

ಬುಧವಾರವಿಡೀ ರಮಿತಾ ತನ್ನ ತಪ್ಪನ್ನು ಹುಡುಕಿದಳು. ಅರವತ್ತು ಪುಟಗಳಲ್ಲಿ ನಲವತ್ತಕ್ಕೆ ಮತ್ತೆ ಗುರುತು ಹಾಕಿದಳು. ಒಮ್ಮೆಯೂ ‘ನಿಮ್ಮ ಪ್ರೋಗ್ರಾಮು ತೋರಿಸಿ’ ಎನ್ನಲಿಲ್ಲ. ಅವಳು ಬೆರಳಿಟ್ಟು ಓದುವ ಒಂದೊಂದು ಸಾಲೂ ಪುಂಡರೀಕಾಕ್ಷನಿಗೆ ಬೆನ್ನಿಗೆ ಚುಚ್ಚಿದಂತಾಗುತ್ತಿತ್ತು. ಗುರುವಾರ ಬೆಳಿಗ್ಗೆ ಅವನು ತಡೆಯಲಾರದೆ, “ನಿನ್ನದು ಸರಿ ಉಂಟು ರಮಿತಾ. ಇಲ್ಲಿ ನೋಡು,” ಎಂದು ಆ ನಾಲ್ಕು ಸಾಲು ತೆರೆದು ತೋರಿಸಿದ.

ರಮಿತಾ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕಳು.

“ಸರ್, ಇದು... ಕ್ಯಾ ದಿಮಾಗ್ ಹೈ. ನಾಲ್ಕು ಸಾಲಿನಲ್ಲಾ? ಅಷ್ಟು ಚಿಕ್ಕ ಚಿಪ್ಪಿನಲ್ಲಿ? ಕಳ್ಳರು ಮಾಡೋ ಕೆಲಸವನ್ನೇ ಒಳ್ಳೇದಕ್ಕೆ ಮಾಡಿದ್ದೀರಿ.”

“ಹಳೆಯದು ಮಾರಾಯ್ತಿ. ಬಿಡು,” ಎಂದ ಪುಂಡರೀಕಾಕ್ಷ.

“ಬಿಡೋದಾ? ನನಗೆ ಇಂಥದ್ದೇ ಬೇಕಿತ್ತು.” ಅವಳು ಕುರ್ಚಿ ತಿರುಗಿಸಿಕೊಂಡಳು. ಎಮ್ಯುಲೇಟರನ್ನು ನೋಡಿಕೊಳ್ಳುವ ಜನರಿಗೆ ಅವಳು ತನ್ನ ಕಾವಲನ್ನು ಕಳುಹಿಸಬೇಕಿತ್ತು. ಬರೇ ಕಾವಲು ಕಳುಹಿಸಿದರೆ ಅವರು ತೆಗೆದುಕೊಳ್ಳುವುದಿಲ್ಲ. ಅದು ಕೆಲಸ ಮಾಡುತ್ತದೆಂದು ತೋರಿಸುವ ಒಂದು ಪುಟ್ಟ ಪರೀಕ್ಷೆಯೂ ಜೊತೆಗಿರಬೇಕು. “ನಿಮ್ಮ ನಾಲ್ಕು ಸಾಲೇ ಪರೀಕ್ಷೆ ಸರ್. ಅದು ಬಂದರೆ ಎಮ್ಯುಲೇಟರ್ ನಿಲ್ಲಬೇಕು. ಇನ್ನು ಮುಂದೆ ಅಲ್ಲಿ ಯಾರು ಏನು ಬದಲು ಮಾಡಿದರೂ ಮೊದಲು ನಿಮ್ಮ ಸಾಲನ್ನು ಓಡಿಸಿ ನೋಡ್ತಾರೆ. ಹಮೇಶಾ ಕೇ ಲಿಯೇ ಇರ್ತದೆ.”

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವಳು ಎಲ್ಲವನ್ನೂ ಜೋಡಿಸಿ ಕಾಗದ ಸಿದ್ಧಮಾಡಿದಳು. “ಕೊನೆಗೆ ನಿಮ್ಮ ಸಹಿ ಸರ್. ಹೆಸರು, ಇಮೇಲ್.”

“ಸಹಿ ಎಂತಕ್ಕೆ?”

“ಅಲ್ಲಿ ರೀತಿ ಹಾಗೆ. ಇದು ನನ್ನದೇ ಕೆಲಸ, ಅಥವಾ ಇಂಥವರದ್ದು, ಅವರು ಒಪ್ಪಿ ಕೊಟ್ಟದ್ದನ್ನು ನಾನು ತಂದಿದ್ದೇನೆ, ಅಂತ ಮಾತು ಕೊಡೋದು. ಸಬ್ ಕೋ ಕರ್ನಾ ಪಡ್ತಾ ಹೈ. ದೊಡ್ಡ ದೊಡ್ಡವರಿಗೂ.”

“ಮಾಡದಿದ್ದರೆ?”

“ತಗೊಳ್ಳೋದಿಲ್ಲ.”

ಪುಂಡರೀಕಾಕ್ಷ ಪರದೆಯನ್ನು ನೋಡಿದ. ಅವನ ಹೆಸರು ಆಗಲೇ ಅಲ್ಲಿತ್ತು. ಬೆರಳಿನ ಒಂದು ಒತ್ತು ಸಾಕಿತ್ತು. ಅಂದು ಮೀಟಿಂಗಿನಲ್ಲಿ ಅವನು ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದ. ಇಲ್ಲಿ ಸುಮ್ಮನಿರಲು ಬರುವಂತಿರಲಿಲ್ಲ.

ಅಷ್ಟರಲ್ಲಿ ಜಯೇಶ್ ಬಂದ. ಅವನೂ ಕರಾವಳಿಯವನೇ, ಮೂಲ್ಕಿ ಕಡೆಯವನು, ಕೆಲಸದಲ್ಲಿ ಕೆಟ್ಟವನಲ್ಲ, ಅವಸರದವನು. “ಸರ್, ಬರುವ ವಾರದ ಕೊನೆವರೆಗೆ ಮಾತ್ರ ನಾನು ತಡಿಬಹುದು. ಎಮ್ಯುಲೇಟರಿನ ಆ ಜನ ನೋಡಿ ಅಡ್ಡಿಯಿಲ್ಲ ಅಂದ್ರೆ ನನಗೂ ಧೈರ್ಯ. ಇಲ್ಲದಿದ್ದರೆ ಕಾವಲು ಬಂದ್ ಮಾಡಿ ಪೆಟ್ಟಿಗೆ ಕಳಿಸುವ. ಇಷ್ಟು ವರ್ಷ ಅದಿಲ್ಲದೆ ನಡಿಲಿಲ್ವಾ?”

“ಸಹಿ ಒಂದು ಬಾಕಿ,” ಎಂದಳು ರಮಿತಾ.

“ಸೋಮವಾರ ಹಾಕುತ್ತೇನೆ,” ಎಂದ ಪುಂಡರೀಕಾಕ್ಷ.

ಶನಿವಾರ ಡೊಂಬಿವಲಿಯ ಅವರ ಕಟ್ಟಡದ ಟೆರೇಸಿನಲ್ಲಿ ಅವನ ಹೆಂಡತಿ ಪ್ರಭಾ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಮಳೆ ಹಿಡಿಯುವ ಮೊದಲು ಮುಗಿಸಬೇಕಾದ ಕೆಲಸ. ಅವನು ಪಕ್ಕದಲ್ಲಿ ಕೂತು ಕಾಗೆ ಓಡಿಸುತ್ತ, ಹೇಳಬೇಕಾದದ್ದನ್ನು ಹೇಳಿದ. ಪ್ರಭಾ ಹಪ್ಪಳ ತಿರುವುವುದನ್ನು ನಿಲ್ಲಿಸಲಿಲ್ಲ.

“ಜಟ್ಟೆಪ್ಪನವರದ್ದಾ ಅದು? ನೀವು ಮಾಡಿದ್ದು ಅಂತ ನಾನು ಆ ದಿನ ಪಾಯಸ ಮಾಡಿದ್ದೆ.”

“ಹೌದು.”

“ಅವರನ್ನೂ ಊಟಕ್ಕೆ ಕರ್ಕೊಂಡು ಬಂದಿದ್ರಿ. ನಾನು ಅವರ ಎದುರೇ ನಿಮ್ಮ ಬುದ್ಧಿಯನ್ನು ಹೊಗಳಿದ್ದೆ ಮಾರಾಯ್ರೆ.”

“ಹೌದು. ಅವ ನಗಾಡಿ, ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡ.”

ಪ್ರಭಾ ಕೊನೆಯ ಸಾಲಿನ ಹಪ್ಪಳವನ್ನೂ ತಿರುವಿ, ಸೊಂಟಕ್ಕೆ ಕೈಕೊಟ್ಟು ಎದ್ದುನಿಂತಳು. “ಕಲ್ಯಾಣ ಎಂತ ಸಮುದ್ರದಾಚೆ ಉಂಟಾ? ಎರಡು ಸ್ಟೇಷನ್ನು. ನಾಳೆ ಹೋಗಿ. ಒಂದು ಕಟ್ಟು ಹಪ್ಪಳವೂ ತಗೊಂಡು ಹೋಗಿ. ಅದರಿಂದ ಏನೂ ಸರಿಯಾಗುದಿಲ್ಲ, ಆದ್ರೂ ಕೈಬೀಸಿಕೊಂಡು ಹೋಗುದು ಬೇಡ.”

ಭಾನುವಾರವೂ ಜಟ್ಟೆಪ್ಪನ ಅಂಗಡಿ ತೆರೆದಿತ್ತು. ಮಳೆಗಾಲಕ್ಕೆ ಮೊದಲು ನೆಲಮಾಳಿಗೆಗಳ ನೀರೆತ್ತುವ ಪಂಪುಗಳನ್ನು ಎಲ್ಲರೂ ದುರಸ್ತಿಗೆ ತರುತ್ತಾರೆ. ವಾರ್ನಿಶಿನ ವಾಸನೆ, ಗೋಡೆಯುದ್ದಕ್ಕೂ ಸುತ್ತಿಟ್ಟ ತಾಮ್ರದ ತಂತಿ. ಜಟ್ಟೆಪ್ಪ ಸ್ಟೂಲಿನ ಮೇಲೆ ಕೂತು ಕೈಚಕ್ರ ತಿರುಗಿಸುತ್ತ ಸುತ್ತುಗಳನ್ನು ಎಣಿಸುತ್ತಿದ್ದ. ತಲೆಗೂದಲು ಪೂರಾ ಬೆಳ್ಳಗಾಗಿತ್ತು. ನೋಡಿದರೂ ಮಾತಾಡಲಿಲ್ಲ, ಎಡಗೈ ಎತ್ತಿ ತಡೆಯಿರಿ ಎಂದು ಸನ್ನೆಮಾಡಿ, ಎಣಿಕೆ ಮುಗಿಸಿ, ತಂತಿಗೆ ಗಂಟು ಹಾಕಿ, ಆಮೇಲೆ ತಿರುಗಿದ.

“ಏನ್ರೀ ಪುಂಡರೀಕಾಕ್ಷರ, ದಾರಿ ತಪ್ಪಿ ಬಂದ್ರೇನು? ಬರ್ರಿ, ಕುಂದರ್ರಿ. ಪಂಪ್ ಸುಟ್ಟೈತೇನು ಮನ್ಯಾಗ?”

“ಪಂಪು ಅಲ್ಲ ಜಟ್ಟೆಪ್ಪ. ವಾಶಿಯ ಆ ನಾಲ್ಕು ಸಾಲು ನೆನಪುಂಟಾ?”

“ರಟ್ಟಿನ ಮ್ಯಾಲೆ ಬರ್ದದ್ದಲ್ರಿ?” ಎಂದ ಜಟ್ಟೆಪ್ಪ, ಒಂದು ಕ್ಷಣವೂ ಯೋಚಿಸದೆ.

ಪುಂಡರೀಕಾಕ್ಷ ಹೊಸ ಚಿಪ್ಪಿನ ವಿಷಯ ಹೇಳಿದ, ಎರಡನೆಯ ಕಂಬಿಯ ವಿಷಯ ಹೇಳಿದ, ರಮಿತಾಳ ಐದು ವಾರ ಹೇಳಿದ, ಆ ನಾಲ್ಕು ಸಾಲಿಗೆ ಬಂದು ಎಲ್ಲವೂ ನಿಂತದ್ದನ್ನು ಹೇಳಿದ. ಸಹಿಯ ಸಂಗತಿಯನ್ನು ಕೊನೆಗೆ ಹೇಳಿದ. “ಆ ಹುಡುಗಿ ನನ್ನ ಹೆಸರು ಬರೆದಿದ್ದಾಳೆ. ಅದು ನಿನ್ನದು. ನಿನ್ನ ಹೆಸರು ಹಾಕಲಿಕ್ಕೆ ಒಪ್ಪಿಗೆ ಕೇಳುವ ಅಂತ ಬಂದೆ.”

ಜಟ್ಟೆಪ್ಪ ಹೊಟ್ಟೆ ಕುಣಿಸಿ ನಕ್ಕ. “ಚಲೋ ಮಾಡಿದ್ರಿ. ಸರಿ ಇದ್ದಾಗ ನಿಮ್ಮದಿತ್ತು. ಈಗ ಅದು ಕಳ್ಳನ ಕೆಲಸ ಅಂತ ಚಿಪ್ಪು ಹಿಡದ ಮ್ಯಾಲೆ ನನ್ನ ಹೆಸರು ನೆನಪಾತೇನ್ರಿ?”

ಪುಂಡರೀಕಾಕ್ಷನಿಗೆ ಮುಖ ಎತ್ತಲಾಗಲಿಲ್ಲ. “ಹಾಗಲ್ಲ ಮಾರಾಯ.”

“ಇರ್ಲಿ, ಚಾಷ್ಟಿ ಮಾಡಿದೆ. ಆ ಎರಡನೆ ಕಂಬಿ ಮತ್ತೊಮ್ಮೆ ಹೇಳ್ರಿ.” ಜಟ್ಟೆಪ್ಪ ಸ್ಟೂಲು ಹತ್ತಿರ ಎಳೆದುಕೊಂಡ. “ಪ್ರೋಗ್ರಾಮು ತಾನ ಹೋಗಿ ಅದರಾಗ ಬರೀಲಿಕ್ಕ ಬರಂಗಿಲ್ಲ?”

“ಇಲ್ಲ. ಯಾರಿಗೂ ಬರುದಿಲ್ಲ.”

“ತಗೀಲಿಕ್ಕರ ಬರ್ತೈತೋ ಇಲ್ಲೊ? ಮ್ಯಾಲಿಂದು ಹರದು ಒಗೀಲಿಕ್ಕ?”

ಪುಂಡರೀಕಾಕ್ಷ ನೆನಪು ಮಾಡಿಕೊಂಡ. ರಮಿತಾಳ ನೋಟುಬುಕ್ಕಿನಲ್ಲಿ ಅದು ಇತ್ತು. “ಅದಕ್ಕೊಂದು ಆಜ್ಞೆ ಉಂಟು. ಇಷ್ಟು ಚೀಟಿ ಕೆಳಗೆ ಹಾಕು ಅಂದ್ರೆ ಹಾಕ್ತದೆ. ಹೊಸತು ಸೇರಿಸುದಿಲ್ಲ.”

ಜಟ್ಟೆಪ್ಪನ ಮುಖದಲ್ಲಿ, ಒಳ್ಳೆಯ ಎತ್ತನ್ನು ಸಂತೆಯಲ್ಲಿ ಕಂಡ ರೈತನ ಮುಖದಲ್ಲಿ ಮೂಡುವಂಥದೊಂದು ಮೆಚ್ಚುಗೆ ಮೂಡಿತು. “ಹರದು ಒಗೀಬಹುದು, ಬರೀಲಿಕ್ಕ ಬರಂಗಿಲ್ಲ. ಇದನ್ನ ಮಾಡಿದಾವ ಭಾಳ ಶ್ಯಾಣ್ಯಾ ಅದಾನ್ರಿ. ಅದನ್ನ ಓದಿ ಹಂಗ ಕುಂಡ್ರಿಸಿದಾಕಿ ಇನ್ನೂ ಶ್ಯಾಣ್ಯಾಕಿ.”

ಬೆಂಚಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಎರಡು ಗೀಟು ಎಳೆದ. ಎರಡು ಕಂಬಿಗಳು. “ಹಂಗಾರ ಚೀಟಿ ತಿದ್ದೂದ ಬ್ಯಾಡ. ಬಾಗಲದಾಗ ನಿಂತಾಗ ಎರಡನೆ ಕಂಬಿಗಿ ಎಷ್ಟು ಚೀಟಿ ಇದ್ದೂ ಅಂತ ಒಮ್ಮೆ ನೋಡಿಟ್ಕೊಬೇಕು. ಒತ್ತಡ ಏರಿತು ಅನ್ರಿ. ಈಗೆಷ್ಟು ಅದಾವು, ಆಗೆಷ್ಟಿದ್ದೂ, ಕಳೀರಿ. ಉಳಿದಷ್ಟು ಹರದು ಒಗೀರಿ. ಈ ಕಡೆ ಕಂಬಿನೂ ಅಷ್ಟ ಇಳಸ್ರಿ. ಸೀದಾ ಬಾಗಲಕ್ಕ ಜಿಗೀರಿ. ಎರಡೂ ಹೊಂದತಾವು. ಚಿಪ್ಪಿಗೇನು ತಕರಾರು?”

ಪುಂಡರೀಕಾಕ್ಷ ಧೂಳಿನ ಮೇಲಿನ ಆ ಗೀಟುಗಳನ್ನು ನೋಡುತ್ತಲೇ ಇದ್ದ. ತಾನು ಮಂಗಳವಾರದಿಂದ ಐದು ದಿನ ಬರೇ ಹೆಸರಿನ ವಿಷಯವನ್ನು ಯೋಚಿಸಿದ್ದ. ಈ ಮನುಷ್ಯ ಆ ಚಿಪ್ಪನ್ನು ಕಣ್ಣಿನಿಂದ ನೋಡದೆ, ಒಂದು ಚಾ ಆರುವಷ್ಟರಲ್ಲಿ ದಾರಿ ತೋರಿಸಿದ್ದ.

“ಒಂದು ನಿಲ್ಲಬೇಕಾದ ಪರೀಕ್ಷೆ, ಒಂದು ನಿಲ್ಲಬಾರದ ಪರೀಕ್ಷೆ,” ಎಂದ ಅವನು. “ಎರಡೂ ನಿನ್ನ ಹೆಸರಿನಲ್ಲೇ ಹೋಗಲಿ. ನೀನೇ ಸಹಿ ಮಾಡಬೇಕು.”

“ಮಾಡ್ತೀನಿ. ಆದ್ರ ಒಂದ ಮಾತು. ಹಳೇದನ್ನ ತಪ್ಪು ಅಂತ ಬರೀಬ್ಯಾಡ್ರಿ. ಆವತ್ತಿನ ಚಿಪ್ಪಿಗಿ ಅದು ಬರೋಬ್ಬರಿ ಇತ್ತು.”

“ಬರೋಬ್ಬರಿ ಇತ್ತು,” ಎಂದ ಪುಂಡರೀಕಾಕ್ಷ.

ಅಂಗಡಿಯ ಬಿಲ್ಲುಗಳಿಗಾಗಿ ಜಟ್ಟೆಪ್ಪನಿಗೊಂದು ಇಮೇಲ್ ಇತ್ತು. ಹಪ್ಪಳದ ಕಟ್ಟನ್ನು ತೆಗೆದುಕೊಂಡು ಮೂಸಿನೋಡಿ, “ಪ್ರಭಾ ವೈನಿಯವರಿಗೆ ನಮಸ್ಕಾರ ಹೇಳ್ರಿ. ಪಾಯಸ ಇನ್ನೂ ನೆನಪೈತಿ ಅನ್ರಿ,” ಎಂದ. ಪುಂಡರೀಕಾಕ್ಷ ಸ್ಟೇಷನ್ನಿನವರೆಗೂ ಬಿಸಿಲಲ್ಲಿ ನಡೆದೇ ಹೋದ.

ಸೋಮವಾರ ಅವನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ. ಜಯೇಶನೂ ಅಲ್ಲಿದ್ದ. “ಈ ನಾಲ್ಕು ಸಾಲು ನಾನು ಯೋಚಿಸಿದ್ದಲ್ಲ. ಇಲ್ಲಿ ವೈರಿಂಗ್ ಮಾಡ್ತಿದ್ದ ಜಟ್ಟೆಪ್ಪ ಹೇಳಿದ್ದು. ನಾನು ಟೈಪು ಮಾಡಿದೆ, ಅಷ್ಟೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.”

ರಮಿತಾ ಪರದೆಯ ಕಡೆ ತಿರುಗಿ ಅವನ ಹೆಸರನ್ನು ಅಳಿಸಿದಳು. “ತೋ ನಿಮ್ಮದು ಎಲ್ಲಿ ಬರೀಲಿ ಸರ್?”

“ತಂದುಕೊಟ್ಟವ ಅಂತ. ಕೆಳಗೆ.”

ಅವನು ಧೂಳಿನ ಎರಡು ಗೀಟುಗಳನ್ನು ಕಾಗದದ ಮೇಲೆ ಬರೆದು ತೋರಿಸಿದ. ರಮಿತಾ ಪೆನ್ನು ಹಲ್ಲಿಗೆ ಕಚ್ಚಿಕೊಂಡು ನೋಡಿ, “ಇವರು ಇಲ್ಲಿ ವೈರಿಂಗ್ ಮಾಡ್ತಿದ್ದರಾ?” ಎಂದು ಎರಡು ಸಲ ಕೇಳಿದಳು. ಮಧ್ಯಾಹ್ನಕ್ಕೆ ಮುಂಚೆ ಎರಡನೆಯ ಪರೀಕ್ಷೆಯೂ ಸಿದ್ಧವಾಯಿತು. ಹಳೆಯ ಸಾಲುಗಳು ಬಂದಾಗ ಎಮ್ಯುಲೇಟರು ನಿಂತಿತು. ಹೊಸ ಸಾಲುಗಳು ಬಂದಾಗ ತಡೆಯಿಲ್ಲದೆ ಮುಂದೆ ಹೋಯಿತು. ಜಟ್ಟೆಪ್ಪ ಅಂಗಡಿಯಿಂದಲೇ ಸಹಿಯ ಸಾಲು ಕಳುಹಿಸಿದ. ಮೂರು ಗಂಟೆಗೆ ಎಲ್ಲವೂ ಹೋಯಿತು.

ಎರಡು ದಿನದ ಮೇಲೆ ಯಾವುದೋ ದೂರದ ದೇಶದ ಒಬ್ಬರಿಂದ ಉತ್ತರ ಬಂತು. ಹನ್ನೊಂದು ಕಡೆ ತಿದ್ದಲು ಹೇಳಿದ್ದರು. ಒಂದೂ ಬಿರುಸಿನ ಮಾತಿರಲಿಲ್ಲ. ಕಾವಲಿನ ನಡತೆ ಸರಿಯಿದೆ, ಎರಡನೆಯ ಪರೀಕ್ಷೆಯಂಥದ್ದು ತಮಗೆ ಹೊಳೆದಿರಲಿಲ್ಲ, ಬರೆದವರಿಗೆ ವಂದನೆ ತಿಳಿಸಿ ಎಂದಿದ್ದರು. ಅದನ್ನು ಓದಿ ಜಯೇಶ್ ಕಾವಲು ಹಾಕಿಯೇ ಪೆಟ್ಟಿಗೆ ಕಳುಹಿಸಲು ಒಪ್ಪಿದ. ಹಳದಿ ಸಾಲುಗಳನ್ನೂ ಮತ್ತೆ ಕಾಣುವಂತೆ ಮಾಡಿಸಿದ. ರಮಿತಾ ಹನ್ನೊಂದನ್ನೂ ತಿದ್ದಿದಳು, ಮತ್ತೆ ಆರು ಬಂದವು, ಅವನ್ನೂ ತಿದ್ದಿದಳು. ಯಾವುದಕ್ಕೂ ಅವಳಿಗೆ ಬೇಸರವಿದ್ದಂತೆ ಕಾಣಲಿಲ್ಲ. ಕಣ್ಣಿಗೆ ಕಾಣದ ಜನ ಹಾಗೆ ಒಂದೊಂದು ಸಾಲನ್ನೂ ಕೂತು ಓದುತ್ತಾರೆ, ಯಾರ ಕೆಲಸವೆಂದು ಕೇಳಿ ಬರೆದಿಡುತ್ತಾರೆ ಎಂಬುದನ್ನು ಪುಂಡರೀಕಾಕ್ಷ ದಿನಾ ಬೆರಗಿನಿಂದ ನೋಡಿದ. ಮಳೆ ಹಿಡಿದು ಹತ್ತು ದಿನವಾದ ಮೇಲೆ, ಜೂನ್ ಕೊನೆಯಲ್ಲಿ, ಅದು ಎಮ್ಯುಲೇಟರಿನೊಳಗೆ ಸೇರಿತು.

ಆ ಸಂಜೆ ಡೊಂಬಿವಲಿಯಲ್ಲಿ ಗಾಡಿಯಿಂದಿಳಿದು, ಪ್ಲಾಟ್‌ಫಾರ್ಮಿನ ಮಾಡಿನ ಕೆಳಗೆ ನಿಂತು ಅವನು ಜಟ್ಟೆಪ್ಪನಿಗೆ ಫೋನು ಮಾಡಿದ.

“ಸೇರಿತು ಜಟ್ಟೆಪ್ಪ.”

“ಕಾಗದ ಬಂದೈತ್ರಿ ನನಗೂ. ಮಗಳು ಓದಿ ಹೇಳಿದ್ಲು. ನನ್ನ ಹೆಸರು ಮ್ಯಾಲೆ ಐತಂತಲ್ಲ?”

“ಮೇಲೆ.”

“ನಿಮ್ಮದು?”

“ಕೆಳಗೆ. ತಂದುಕೊಟ್ಟವ ಅಂತ.”

“ಚಲೋ ಆತು,” ಎಂದ ಜಟ್ಟೆಪ್ಪ. ಆ ಕಡೆ ಮಳೆಯ ಸದ್ದಿತ್ತು, ಯಾರೋ ಗಿರಾಕಿ ಮರಾಠಿಯಲ್ಲಿ ಏನೋ ಕೇಳುತ್ತಿದ್ದ. ಜಟ್ಟೆಪ್ಪ ಅವನಿಗೆ ಉತ್ತರ ಕೊಟ್ಟು ಮತ್ತೆ ಫೋನಿಗೆ ಬಂದ.

ಪುಂಡರೀಕಾಕ್ಷ, “ಆಫೀಸಿನಲ್ಲೂ ಹೇಳಿದೆ. ಎಲ್ಲರ ಎದುರು,” ಎಂದ.

“ಅದೂ ಚಲೋ ಆತು. ಆದ್ರ ಅಲ್ಲಿದ್ದೋರಿಗೆ ನಾ ಯಾರಂತ ಗೊತ್ತರೆ ಐತೇನ್ರಿ? ಆವತ್ತು ಸೇಠರು ಇದ್ರು. ಅವರ ಮುಂದ ಒಂದ ಮಾತು ಆಗಬೇಕಿತ್ತು.”

ಸೇಠ್ ತೀರಿಕೊಂಡು ಮೂರು ವರ್ಷವಾಗಿತ್ತು. ಇಬ್ಬರೂ ಬೇರೆ ಬೇರೆಯಾಗಿ ಹೋಗಿ ಮುಖ ನೋಡಿ ಬಂದಿದ್ದರು.

“ಅದನ್ನು ನಾನು ಈಗ ಯಾರಿಗೆ ಹೇಳುವುದು ಜಟ್ಟೆಪ್ಪ?”

“ಯಾರಿಗೂ ಹೇಳ್ಲಿಕ್ಕ ಬರಂಗಿಲ್ರಿ. ಆ ಬಾಕಿ ತೀರೂದಲ್ಲ. ನಿಮ್ಮ ಕಡೇನ ಇರ್ಲಿ,” ಎಂದ ಜಟ್ಟೆಪ್ಪ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಫೋನ್ ಇಡ್ಲೇನ್ರಿ? ಪಂಪ್ ತಗೊಂಡ ಹೋಗಾಕ ಬಂದಾರ.”

“ಇಡು,” ಎಂದ ಪುಂಡರೀಕಾಕ್ಷ.